ಉಂಗುರ ಸವೆದ ಕತೆ

ಗಾಳದ ಕೋಲು ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರ ಕಣ್ಣಿಗೆ ಬರುವುದು ಒಂದು ಬಿದಿರು ಕಡ್ಡಿ, ತುದಿಗೆ ಕಟ್ಟಿದ ದಾರ, ದಾರದ ನಡುವೆ ತೇಲುವ ಬೆಂಡು, ಕೊನೆಯಲ್ಲಿ ಎರೆಹುಳ ಸಿಕ್ಕಿಸಿದ ಗಾಳ. ಕೆರೆ ಏರಿಯ ಮೇಲೆ ಕುಕ್ಕರುಗಾಲಲ್ಲಿ ಕೂತವನ ಕೈಯಲ್ಲಿರುವ ಆ ಕೋಲಿಗೆ ಬಿಡಿಭಾಗ ಎಂಬುದೇ ಇಲ್ಲ. ಮುರಿದರೆ ಮೆಳೆಯಿಂದ ಇನ್ನೊಂದನ್ನು ಕಡಿದರಾಯಿತು. ಅದರ ಗುಣಮಟ್ಟದ ಪ್ರಶ್ನೆ ಬಿದಿರನ್ನು ಆರಿಸುವ ಕಣ್ಣಿನಲ್ಲೇ ಮುಗಿದುಹೋಗುತ್ತದೆ.

ಭಾನುವಾರ ಸಂಜೆ ಮಲ್ಪೆಯ ಬ್ರೇಕ್‌ವಾಟರ್ ಮೇಲೆ ಸಾಲಾಗಿ ನಿಲ್ಲುವವರ ಕೈಯಲ್ಲಿರುವುದು ಬೇರೆಯೇ ವಸ್ತು. ಅದರ ಕೊಳವೆಯಂಥ ಮೈಗೆ ಬ್ಲ್ಯಾಂಕ್ ಎಂದು ಹೆಸರು. ಸಾಮಾನ್ಯವಾಗಿ ಕಾರ್ಬನ್ ಎಳೆಯದು, ಅಗ್ಗದ್ದಾದರೆ ಗಾಜಿನ ಎಳೆಯದು, ಹಲವು ಸಲ ಎರಡೂ ಕಲಸಿದ್ದು. ಮೈಯುದ್ದಕ್ಕೂ ದಾರ ಹಾದುಹೋಗುವ ಉಂಗುರಗಳು, ಅಂದರೆ ಗೈಡುಗಳು. ಪ್ರತಿ ಉಂಗುರದಲ್ಲೂ ಲೋಹದ ಚೌಕಟ್ಟು ಒಂದು, ಅದರೊಳಗೆ ಕೂರಿಸಿದ ಸೆರಾಮಿಕ್ ಬಳೆ ಇನ್ನೊಂದು. ಚೌಕಟ್ಟಿನ ಪಾದವನ್ನು ಕೋಲಿಗೆ ಬಿಗಿದಿರುವ ನೂಲು, ನೂಲಿನ ಮೇಲೆ ಎಪಾಕ್ಸಿಯ ಲೇಪ. ರೀಲನ್ನು ಹಿಡಿದಿಡುವ ಸೀಟು, ಬೆಂಡಿನದೋ ಫೋಮಿನದೋ ಹಿಡಿ, ಎರಡು ತುಂಡು ಸೇರುವ ಕಡೆ ಜೋಡಣೆ. ಇಷ್ಟೂ ಒಂದೇ ಕಾರ್ಖಾನೆಯಲ್ಲಿ ಹುಟ್ಟಿದ್ದಲ್ಲ, ಬಹಳ ಸಲ ಒಂದೇ ದೇಶದಲ್ಲೂ ಅಲ್ಲ. ಕೋಲಿನ ಮೇಲೆ ಅಚ್ಚಾಗಿರುವ ಹೆಸರು ಮಾತ್ರ ಒಂದೇ.

ನನ್ನ ಪಿಎಚ್.ಡಿ. ಗಾಳದ ಕೋಲಿನ ಮೇಲಲ್ಲ. ವಸಾಹತು ಕಾಲದ ದಕ್ಷಿಣ ಕನ್ನಡದಲ್ಲಿ ಹೊಳೆಮೀನುಗಾರಿಕೆ ಹೇಗೆ ಆಡಳಿತದ ವಿಷಯವಾಯಿತು ಎಂಬುದು ನಾನು ಹುಡುಕುತ್ತಿರುವುದು. ಆ ದಾರಿಯಲ್ಲಿ ಸಿಕ್ಕ ಒಂದು ಪುಸ್ತಕ ನನ್ನನ್ನು ಕೋಲಿನ ಕಡೆ ಎಳೆಯಿತು. ಮದರಾಸು ಸಿವಿಲ್ ಸರ್ವಿಸಿನಲ್ಲಿದ್ದು ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಪ್ರಕಟಿಸಿದ 'ದ ರಾಡ್ ಇನ್ ಇಂಡಿಯಾ' ಅದು. ಇಂಗ್ಲಿಷ್ ಗಾಳಗಾರರು ಇಂದಿಗೂ ಗೌರವದಿಂದ ನೆನೆಯುವ ಈ ಗ್ರಂಥದ ಮೊದಲ ಮುದ್ರಣ ಆದದ್ದು ಲಂಡನ್ನಿನಲ್ಲಲ್ಲ, ಮಂಗಳೂರಿನಲ್ಲಿ. ಬಾಸೆಲ್ ಮಿಶನ್ನಿನ ಮುದ್ರಣಾಲಯದಲ್ಲಿ. ಕಿಟ್ಟೆಲ್ ನಿಘಂಟು ಹೊರಬಂದದ್ದೂ ಅದೇ ಮಿಶನ್ನಿನಿಂದ, 1894ರಲ್ಲಿ. ಪದಗಳ ಕೋಶಕ್ಕೆ ಇಪ್ಪತ್ತೊಂದು ವರ್ಷ ಮೊದಲೇ ಮಹಸೀರ್ ಹಿಡಿಯುವ ವಿದ್ಯೆಯ ಪುಸ್ತಕ ಅದೇ ಊರಿನ ಮೊಳೆಗಳಿಂದ ಅಚ್ಚಾಗಿತ್ತು ಎಂಬುದು ನನಗೆ ಈಗಲೂ ಸೋಜಿಗ.

ಆದರೆ ಗಾಳದ ಕುರಿತ ಬರಹ ಈ ನೆಲಕ್ಕೆ ಥಾಮಸರೊಂದಿಗೆ ಬಂದದ್ದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. 12ನೆಯ ಶತಮಾನದ ಮೊದಲರ್ಧದ ಆ ಸಂಸ್ಕೃತ ಗ್ರಂಥ ಮೀನುಗಳ ಬಗೆ, ಅವುಗಳಿಗೆ ಹಾಕುವ ಮೇವು, ಕೋಲು, ದಾರ, ಗಾಳ ಇವನ್ನೆಲ್ಲ ಅರಸನ ವಿನೋದದ ಪಟ್ಟಿಗೆ ಸೇರಿಸುತ್ತದೆ. ಮೀನುವಿಜ್ಞಾನಿ ಸುಂದರಲಾಲ್ ಹೋರಾ 1951ರಲ್ಲಿ ಈ ಭಾಗವನ್ನು ಇಂಗ್ಲಿಷಿನ ವಿದ್ವತ್ ಲೋಕಕ್ಕೆ ಪರಿಚಯಿಸಿದರು. ನನ್ನ ಗಮನ ಹೋದದ್ದು ಇನ್ನೊಂದು ಸಂಗತಿಯ ಕಡೆ. ಅರಸನ ಗ್ರಂಥ ಬರೆದು ಒಂದು ತಲೆಮಾರು ಕಳೆಯುವಷ್ಟರಲ್ಲಿ ಅದೇ ಕಲ್ಯಾಣದಲ್ಲಿ ಬಿದಿರು ಸೀಳಿ ಬದುಕುತ್ತಿದ್ದ ಮೇದಾರ ಕೇತಯ್ಯ ವಚನಕಾರನಾಗಿ ನಮಗೆ ಸಿಗುತ್ತಾನೆ. ಕೋಲು ಹಿಡಿಯುವವನೂ ಬಿದಿರು ಸೀಳುವವನೂ ಒಂದೇ ಊರಿನಲ್ಲಿ, ಸುಮಾರು ಒಂದೇ ಕಾಲದಲ್ಲಿ, ಇಬ್ಬರೂ ಬರಹದಲ್ಲಿ ಉಳಿದಿದ್ದಾರೆ. ಚರಿತ್ರೆಯಲ್ಲಿ ಇಂಥದ್ದು ಅಪರೂಪ. ಮುಂದಿನ ಎಂಟು ಶತಮಾನಗಳ ಕೋಲಿನ ಕತೆಯಲ್ಲಿ ಸೀಳುವವನ ಹೆಸರು ಹೀಗೆ ಉಳಿಯುವುದಿಲ್ಲ.

19ನೆಯ ಶತಮಾನದ ಮಧ್ಯದಲ್ಲಿ ಬಿದಿರು ಹೊಸ ರೂಪಕ್ಕೆ ಬಂತು. ಇಡೀ ಗಳುವನ್ನು ಹಾಗೇ ಬಳಸುವ ಬದಲು, ಅದನ್ನು ಸೀಳಿ, ಹೊರಮೈಯ ಗಟ್ಟಿ ನಾರಷ್ಟನ್ನೇ ಉಳಿಸಿ, ತ್ರಿಕೋನದ ಪಟ್ಟಿಗಳಾಗಿ ಹೆರೆದು, ಅಂಟಿನಿಂದ ಕೂಡಿಸುವ ವಿಧಾನ ಅದು. ಅಮೆರಿಕದ ಪೆನ್ಸಿಲ್ವೇನಿಯಾದ ಈಸ್ಟನ್ ಎಂಬ ಊರಿನ ಬಂದೂಕು ಕುಶಲಕರ್ಮಿ ಸ್ಯಾಮ್ಯುಯೆಲ್ ಫಿಲಿಪಿಯ ಹೆಸರು ಇದರ ಜೊತೆ ಸೇರಿಕೊಂಡಿದೆ. ಮೇಯ್ನ್ ರಾಜ್ಯದ ಹೈರಮ್ ಲಿಯೊನಾರ್ಡ್ 1870ರ ದಶಕದಲ್ಲಿ ಆರು ಪಟ್ಟಿಯ ಕೋಲನ್ನು ಯಂತ್ರದಿಂದ ಹೆರೆಯುವ ಮಟ್ಟಕ್ಕೆ ತಂದ. ಈ ಕೋಲುಗಳಿಗೆ ಮೊದಮೊದಲು ಬಳಸಿದ್ದು 'ಕಲ್ಕತ್ತಾ ಕೇನ್' ಎಂಬ ಬಿದಿರು. ಕಲ್ಕತ್ತಾ ಎಂಬುದು ಅದು ಬೆಳೆದ ಜಾಗವಲ್ಲ, ಹಡಗು ಹತ್ತಿದ ಬಂದರು. ಇಂದಿಗೂ ಕಲ್ಕತ್ತಾ ಬಿದಿರು ಎಂಬ ಇಂಗ್ಲಿಷ್ ಹೆಸರು ಅಂಟಿಕೊಂಡಿರುವ ಜಾತಿ ನಮ್ಮ ಒಣ ಕಾಡುಗಳಲ್ಲಿ ಧಾರಾಳವಾಗಿ ಬೆಳೆಯುವ ಕಿರುಬಿದಿರು. ಒಳಗೆ ಹೆಚ್ಚು ಪೊಳ್ಳಿಲ್ಲದ, ಲಾಠಿಗೂ ಏಣಿಗೂ ಒದಗುವ ಗಟ್ಟಿ ಬಿದಿರು.

ಆ ಗಳುಗಳ ಮೇಲೆ ಕಾಯಿಸಿದ ಕಬ್ಬಿಣದ ಬರೆಯಂಥ ಸುಟ್ಟ ಕಲೆಗಳಿರುತ್ತಿದ್ದವು. ಕೋಲು ಮಾಡುವವರು ಆ ಕಲೆ ತಪ್ಪಿಸಿ ಪಟ್ಟಿ ತೆಗೆಯಬೇಕಿತ್ತು. ಹಳೆಯ ಕೋಲಿನ ಮೇಲೆ ಇಂದಿಗೂ ಅಂಥ ಕಪ್ಪು ಗುರುತು ಕಂಡರೆ ಸಂಗ್ರಾಹಕರು ಕಲ್ಕತ್ತಾ ಎಂದು ಗುರುತಿಸುತ್ತಾರೆ. ಶತಮಾನ ತಿರುಗುವ ಹೊತ್ತಿಗೆ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ಇನ್ನೊಂದು ಬಿದಿರು ಇದನ್ನು ಬದಿಗೆ ಸರಿಸಿತು. ಅದಕ್ಕಿಟ್ಟ ಹೆಸರು 'ಟಾಂಕಿನ್'. ಅದೂ ತಪ್ಪು ವಿಳಾಸವೇ, ಟಾಂಕಿನ್ ಇರುವುದು ವಿಯೆಟ್ನಾಮಿನಲ್ಲಿ. ಲಕ್ಷಾಂತರ ಕೋಲುಗಳು ಅದರಿಂದ ತಯಾರಾಗಿ ಮಾರಾಟವಾದ ಮೇಲೆ, 1931ರಲ್ಲಿ, ಫ್ಲಾಯ್ಡ್ ಮೆಕ್‌ಕ್ಲೂರ್ ಎಂಬ ಸಸ್ಯವಿಜ್ಞಾನಿ ಆ ಗಿಡವನ್ನು ಶಾಸ್ತ್ರೀಯವಾಗಿ ಗುರುತಿಸಿ ಹೆಸರಿಟ್ಟ. ಅಲ್ಲಿಯವರೆಗೆ ಜಗತ್ತಿನ ಅತ್ಯಂತ ದುಬಾರಿ ಕೋಲುಗಳ ಕಚ್ಚಾವಸ್ತು ಯಾವ ಗಿಡ ಎಂದು ಕೊಳ್ಳುವವರಿಗೂ ಮಾರುವವರಿಗೂ ಸರಿಯಾಗಿ ತಿಳಿದಿರಲಿಲ್ಲ. ಅದನ್ನು ಬೆಳೆದು ಕಡಿಯುತ್ತಿದ್ದ ಹಳ್ಳಿಯವರಿಗೆ ತಿಳಿದಿತ್ತು, ಆದರೆ ಅವರನ್ನು ಕೇಳುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ.

ಬಿದಿರಿನ ಗುಣ ಹೆಚ್ಚಿದಂತೆ ಹೊಸ ಕಡೆ ತೊಂದರೆ ಕಾಣಿಸಿಕೊಂಡಿತು. ನನ್ನ ಮಟ್ಟಿಗೆ ಕೋಲಿನ ಚರಿತ್ರೆಯ ಹುರುಳು ಇರುವುದು ಇಲ್ಲೇ. ಒಂದು ಭಾಗ ಗಟ್ಟಿಯಾದ ಕೂಡಲೇ ಮುರಿಯುವ ಜಾಗ ಪಕ್ಕದ ಭಾಗಕ್ಕೆ ವಲಸೆ ಹೋಗುತ್ತದೆ. ಅಂಟು ಹಾಕಿದ ಬಿದಿರು ಚೆನ್ನಾಗಿ ಬಾಗುತ್ತಿತ್ತು, ಆದರೆ ಎರಡು ತುಂಡು ಸೇರುವ ಲೋಹದ ಕೊಳವೆಯ ಬಳಿ ಬಾಗಲಾರದೆ ಅಲ್ಲೇ ಮುರಿಯುತ್ತಿತ್ತು. ಅದೇ ಕೊಳವೆಯೊಳಗೆ ನೀರು ಇಳಿದು ಬಿದಿರು ಊದಿ ಕೊಳೆಯುತ್ತಿತ್ತು. ಲಿಯೊನಾರ್ಡ್ 1875ರಲ್ಲಿ ನೀರಿಳಿಯದ ಜೋಡಣೆಗೆ ಪೇಟೆಂಟ್ ಪಡೆದ. 1878ರಲ್ಲಿ ಕೊಳವೆಯ ಅಂಚನ್ನು ಹಲ್ಲುಹಲ್ಲಾಗಿ ಸೀಳಿ, ಬಿಗಿ ಲೋಹದಿಂದ ಬಾಗುವ ಬಿದಿರಿಗೆ ಒತ್ತಡ ನಿಧಾನವಾಗಿ ಇಳಿಯುವಂತೆ ಮಾಡಿದ್ದಕ್ಕೆ ಇನ್ನೊಂದು. ಈ ಜೋಡಣೆಗೆ ಬಳಸಿದ ಲೋಹ ನಿಕಲ್ ಸಿಲ್ವರ್, ನಮ್ಮ ಅಜ್ಜಿಯರ ಪಾತ್ರೆ ಕಪಾಟಿನಲ್ಲಿ 'ಜರ್ಮನ್ ಸಿಲ್ವರ್' ಎಂದು ಕರೆಸಿಕೊಳ್ಳುವ ಅದೇ ಮಿಶ್ರಲೋಹ. ತಾಮ್ರ, ನಿಕಲ್, ಸತು ಸೇರಿದ್ದು. ಬೆಳ್ಳಿ ಹೆಸರಿಗೆ ಮಾತ್ರ. ಬರೀ ಹಿತ್ತಾಳೆಯದಾದರೆ ಬೇಗ ಸಡಿಲವಾಗುತ್ತಿತ್ತು. ಹಾಗಾಗಿ ಆ ಕಾಲದ ಗಿರಾಕಿ ಅಂಗಡಿಯಲ್ಲಿ ಕೋಲಿನ ಎರಡು ತುಂಡುಗಳನ್ನು ಎಳೆದು ಬಿಡಿಸಿ, ಬಿಡುವಾಗ 'ಪಕ್' ಎಂಬ ಸದ್ದು ಬರುತ್ತದೆಯೇ ಎಂದು ಕೇಳುತ್ತಿದ್ದ. ಹೊರಗಿನ ಗಾಳಿ ಒಳನುಗ್ಗುವ ಸದ್ದು ಅದು. ಬಂದರೆ ಜೋಡಣೆ ಬಿಗಿ. ಗುಣಮಟ್ಟವನ್ನು ಕಿವಿಯಿಂದ ಅಳೆಯುವ ಆ ಪದ್ಧತಿ ನನಗಂತೂ ಬಹಳ ಇಷ್ಟ.

ಈಗ ಉಂಗುರದ ವಿಷಯಕ್ಕೆ ಬರುತ್ತೇನೆ. ಹಳೆಯ ರೇಷ್ಮೆ ದಾರ ಮೆದುವಾದದ್ದು, ಅದರ ತುದಿಗೆ ಕಟ್ಟುತ್ತಿದ್ದ ಪಾರದರ್ಶಕ ಎಳೆ ರೇಷ್ಮೆಹುಳದ ಗ್ರಂಥಿಯಿಂದ ಎಳೆದದ್ದು. ಇಂಥ ದಾರಕ್ಕೆ ತಂತಿಯ ಉಂಗುರವೇ ಸಾಕಿತ್ತು. ಹೆಚ್ಚು ತಿಕ್ಕಾಟವಿರುವ ಎರಡು ಕಡೆ, ಅಂದರೆ ಕೋಲಿನ ತುದಿ ಮತ್ತು ರೀಲಿಗೆ ಹತ್ತಿರದ ಮೊದಲ ಉಂಗುರ, ಒಳ್ಳೆಯ ಕೋಲುಗಳಲ್ಲಿ ಅಗೇಟ್ ಹರಳನ್ನು ಕೊರೆದು ಕೂರಿಸುತ್ತಿದ್ದರು. ಜೇನಿನ ಬಣ್ಣದ, ಬೆಳಕಿಗೆ ಹಿಡಿದರೆ ಪದರ ಪದರವಾಗಿ ಕಾಣುವ ಆ ಬಳೆಗಳನ್ನು ನೋಡಿದರೆ ಆಭರಣದಂತೆಯೇ ಇವೆ. ನುಣುಪು, ಗಡಸು, ಸವೆಯುವುದಿಲ್ಲ. ಆದರೆ ಪೆಟ್ಟು ತಾಳದು. ಕೋಲು ಒಮ್ಮೆ ಬಂಡೆಗೆ ಬಡಿದರೆ ಕೂದಲೆಳೆಯ ಬಿರುಕು ಬೀಳುತ್ತದೆ. ಆಮೇಲೆ ಅದು ಉಂಗುರವಲ್ಲ, ದಾರ ಕೊಯ್ಯುವ ಚೂರಿ. ಅಂದದ ವಸ್ತು ಗುಟ್ಟಾಗಿ ಆಯುಧವಾಗುವ ಈ ಗುಣ ಮುಂದೆ ಬಂದ ಎಲ್ಲ ಗಡಸು ಬಳೆಗಳಿಗೂ ಬಳುವಳಿಯಾಗಿ ಬಂದಿದೆ.

1887ರಲ್ಲಿ ಕನೆಕ್ಟಿಕಟ್‌ನ ಬ್ರಿಸ್ಟಲ್ ಊರಿನ ಎವೆರೆಟ್ ಹಾರ್ಟನ್ ಒಂದಕ್ಕೊಂದು ತೂರುವ ಉಕ್ಕಿನ ಕೋಲಿಗೆ ಪೇಟೆಂಟ್ ಮಾಡಿಸಿದ. ಅದರಲ್ಲಿ ದಾರ ಕೊಳವೆಯ ಒಳಗಿಂದಲೇ ಹೋಗುತ್ತಿತ್ತು, ಉಂಗುರದ ತಂಟೆಯೇ ಬೇಡವೆಂದು. ಜಾಣ ಉಪಾಯ, ಆದರೆ ಒದ್ದೆ ದಾರ ಕೊಳವೆಯೊಳಗೆ ಅಂಟಿಕೊಳ್ಳುವುದನ್ನು ತಪ್ಪಿಸುವುದು ಸುಲಭವಲ್ಲ. ಉಕ್ಕಿನ ಕೋಲು ಉಳಿದರೂ ಉಂಗುರಗಳು ಮತ್ತೆ ಹೊರಗೆ ಬಂದವು.

ಎರಡನೆಯ ಮಹಾಯುದ್ಧದ ಸುತ್ತಿನಲ್ಲಿ ಎರಡು ಸಂಗತಿಗಳು ಬೆನ್ನುಬೆನ್ನಿಗೆ ನಡೆದವು. ಡ್ಯುಪಾಂಟ್ ಕಂಪನಿಯ ನೈಲಾನ್ ದಾರ ರೇಷ್ಮೆಯ ಜಾಗಕ್ಕೆ ಬಂತು. ಅಮೆರಿಕದ ಆರ್ಥರ್ ಹೋವಾಲ್ಡ್ ಗಾಜಿನ ಎಳೆ ಮತ್ತು ರಾಳ ಸೇರಿಸಿ ಕೋಲು ಮಾಡುವ ಬಗೆ ಕಂಡುಕೊಂಡ. ಶೇಕ್ಸ್‌ಪಿಯರ್ ಎಂಬ ಕಂಪನಿ ಅದನ್ನು ಯುದ್ಧ ಮುಗಿದ ಕೂಡಲೇ 'ವಂಡರ್‌ರಾಡ್' ಎಂದು ಮಾರಿತು. (ಸಾಹಿತ್ಯ ಪತ್ರಿಕೆಯ ಓದುಗರು ಗಾಬರಿಯಾಗಬೇಕಿಲ್ಲ, ಇದು ಮಿಶಿಗನ್ನಿನ ಶೇಕ್ಸ್‌ಪಿಯರ್.) 1950ರ ಕೊನೆಯಲ್ಲಿ ಕೊರಿಯಾ ಯುದ್ಧದ ಕಾರಣ ಅಮೆರಿಕ ಚೀನಾದೊಂದಿಗಿನ ವ್ಯಾಪಾರವನ್ನೇ ನಿಲ್ಲಿಸಿತು. ಟಾಂಕಿನ್ ಬಿದಿರು ಬರುವುದು ನಿಂತಿತು. ಬಿದಿರಿನ ಕೋಲು ಸೋತದ್ದು ಗುಣದಲ್ಲಿ ಮಾತ್ರ ಎಂದು ಯಾರಾದರೂ ಹೇಳಿದರೆ ನನಗೆ ಒಪ್ಪಿಗೆಯಿಲ್ಲ. ಅದರ ಸೋಲಿನಲ್ಲಿ ಅರ್ಧ ಪಾಲು ರಾಜಕೀಯದ್ದು.

ಕಾರ್ಬನ್ ಎಳೆಯ ಕತೆ ಎಲ್ಲರಿಗೂ ಸ್ವಲ್ಪ ಗೊತ್ತಿರುವಂಥದ್ದು, ಹಾಗಾಗಿ ಬೇಗ ಮುಗಿಸುತ್ತೇನೆ. 1960ರ ದಶಕದಲ್ಲಿ ಜಪಾನಿನ ಅಕಿಯೊ ಶಿಂಡೊ ಮತ್ತು ಇಂಗ್ಲೆಂಡಿನ ಫಾರ್ನ್‌ಬರೋದ ವಿಮಾನ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅದನ್ನು ಬಳಕೆಯ ಹಂತಕ್ಕೆ ತಂದರು. ವಿಮಾನಕ್ಕೆಂದು ಹುಟ್ಟಿದ ಈ ಎಳೆಗೆ ಮೊದಮೊದಲು ಗಿರಾಕಿಯಾದವರಲ್ಲಿ ಮೀನು ಹಿಡಿಯುವವರೂ ಇದ್ದರು. 1972ರಲ್ಲಿ ಜಪಾನಿನ ಒಲಿಂಪಿಕ್ ಕಂಪನಿ, 1973ರಲ್ಲಿ ಅಮೆರಿಕದ ಫೆನ್‌ವಿಕ್ ಕಾರ್ಬನ್ ಕೋಲುಗಳನ್ನು ತಂದವು. ಜಪಾನಿನದು ಅಯು ಎಂಬ ಹೊಳೆಮೀನಿಗೆ ಮಾಡಿದ್ದು. ಅಯು ಹಿಡಿಯುವ ಕೋಲು ಎಂಟೊಂಬತ್ತು ಮೀಟರ್ ಉದ್ದವಿರುತ್ತದೆ, ದಿನವಿಡೀ ಕೈಯಲ್ಲಿ ಹಿಡಿದು ನಿಲ್ಲಬೇಕು, ಅಲ್ಲಿ ತೂಕವೇ ಶತ್ರು. ವಿಚಿತ್ರವೆಂದರೆ ಅದಕ್ಕೆ ರೀಲಿಲ್ಲ, ಉಂಗುರವಿಲ್ಲ. ದಾರವನ್ನು ತುದಿಗೆ ಕಟ್ಟುತ್ತಾರೆ, ನಮ್ಮ ಕೆರೆ ಏರಿಯ ಕೋಲಿನ ಹಾಗೆಯೇ.

ಉಳಿದ ಕೋಲುಗಳಿಗೆ ಉಂಗುರ ಬೇಕೇ ಬೇಕು, ಮತ್ತು ಕಾರ್ಬನ್ ಹಗುರವಾದಷ್ಟೂ ಉಂಗುರದ ಭಾರ ಎದ್ದು ಕಾಣತೊಡಗಿತು. ಐದು ಗ್ರಾಂ ಉಳಿಸಲು ಬ್ಲ್ಯಾಂಕಿಗೆ ಅಷ್ಟು ಹಣ ಸುರಿದು ತುದಿಯಲ್ಲಿ ಮತ್ತೆ ಐದು ಗ್ರಾಂ ಕಬ್ಬಿಣ ಕಟ್ಟಿದರೆ ಏನು ಪ್ರಯೋಜನ? ಅದೇ ಕಾಲಕ್ಕೆ ನೈಲಾನ್ ದಾರ ಮರಳಿನ ಕಣ ಹೊತ್ತು ಓಡುತ್ತಾ ಲೋಹದ ಉಂಗುರಗಳಲ್ಲಿ ಗೀರು ಕೊರೆಯುತ್ತಿತ್ತು. ಟಂಗ್‌ಸ್ಟನ್ ಕಾರ್ಬೈಡಿನ ಬಳೆ ಬಂತು, ಗಡಸು ಸರಿ, ಭಾರ ಜಾಸ್ತಿ. 1970ರ ದಶಕದಲ್ಲಿ ಜಪಾನಿನ ಶಿಝುವೊಕಾದ ಫೂಜಿ ಕೊಗ್ಯೊ ಕಂಪನಿ ಅಲ್ಯೂಮಿನಿಯಂ ಆಕ್ಸೈಡಿನ ಸೆರಾಮಿಕ್ ಬಳೆಗಳನ್ನು ಜನಪ್ರಿಯಗೊಳಿಸಿತು. 1980ರ ದಶಕದಲ್ಲಿ ಸಿಲಿಕಾನ್ ಕಾರ್ಬೈಡ್, 2013ರಲ್ಲಿ ಟಾರ್ಝೈಟ್. ಅಲ್ಲಿಂದಾಚೆಗೆ ಒಂದು ತಲೆಕೆಳಗಿನ ಬೆಳವಣಿಗೆ ಆಯಿತು. ಕೋಲಿನ ಕಂಪನಿಗಳು ತಮ್ಮ ಹೆಸರಿನ ಪಕ್ಕದಲ್ಲಿ ಉಂಗುರದ ಕಂಪನಿಯ ಹೆಸರನ್ನು ಹಾಕಿಕೊಂಡು ಮಾರತೊಡಗಿದವು. ಲಿಯೊನಾರ್ಡನ ಕಾಲದಲ್ಲಿ ಕೋಲು ಮಾಡುವವನೇ ಭಾಗಗಳಿಗೆ ಹೊಣೆ. ಈಗ ಭಾಗದ ಹೆಸರೇ ಕೋಲಿಗೆ ಜಾಮೀನು.

ಇಲ್ಲಿ ಸ್ವಲ್ಪ ನಿಂತು ಬಳೆಯ ಕೆಲಸವನ್ನು ವಿವರಿಸಬೇಕು, ಯಾಕೆಂದರೆ ಗುಣಮಟ್ಟ ಎಂದರೆ ಬರೀ ಗಡಸುತನ ಎಂಬ ತಪ್ಪು ಕಲ್ಪನೆ ವ್ಯಾಪಕವಾಗಿದೆ. ದೊಡ್ಡ ಮೀನು ಓಡುವಾಗ ದಾರ ಬಳೆಯ ಮೇಲೆ ಉಜ್ಜಿ ಶಾಖ ಹುಟ್ಟುತ್ತದೆ. ನೈಲಾನ್ ಕರಗಲು ಸುಮಾರು 220 ಡಿಗ್ರಿ ಸೆಲ್ಸಿಯಸ್ ಬೇಕು. 1990ರ ದಶಕದಲ್ಲಿ ಬಂದ ಹೆಣೆದ ದಾರದ್ದು ಪಾಲಿಎಥಿಲೀನ್ ಎಳೆ, ಅದೇ ದಪ್ಪದ ನೈಲಾನಿಗಿಂತ ಎಷ್ಟೋ ಪಟ್ಟು ಬಲಿಷ್ಠ, ಆದರೆ 150 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ. ಹಾಗಾಗಿ ಬಳೆ ಶಾಖವನ್ನು ಬೇಗ ಚೌಕಟ್ಟಿಗೆ ದಾಟಿಸಬೇಕು. ಸಿಲಿಕಾನ್ ಕಾರ್ಬೈಡ್ ಈ ಕೆಲಸದಲ್ಲಿ ಮುಂದೆ, ಅಲ್ಯೂಮಿನಿಯಂ ಆಕ್ಸೈಡ್ ನಡುವೆ, ಜಿರ್ಕೋನಿಯಾ ಹಿಂದೆ. ಜಿರ್ಕೋನಿಯಾಕ್ಕೆ ಬೇರೆ ಗುಣವಿದೆ, ಸುಲಭವಾಗಿ ಬಿರಿಯುವುದಿಲ್ಲ. ಯಾವುದು ಶ್ರೇಷ್ಠ ಎಂಬ ಪ್ರಶ್ನೆಗೆ ಯಾವ ದಾರ, ಯಾವ ಮೀನು, ಯಾವ ನೀರು ಎಂದು ಮರುಪ್ರಶ್ನೆ ಹಾಕದೆ ಉತ್ತರವಿಲ್ಲ. ಬಳೆ ಎಷ್ಟೇ ಒಳ್ಳೆಯದಿರಲಿ, ಅದರ ಅಂಚನ್ನು ಎಷ್ಟು ನುಣುಪಾಗಿ ಉಜ್ಜಿದ್ದಾರೆ, ಚೌಕಟ್ಟಿನೊಳಗೆ ಹೇಗೆ ಕೂರಿಸಿದ್ದಾರೆ ಎಂಬುದು ಅದಕ್ಕಿಂತ ದೊಡ್ಡ ವಿಷಯ.

ಇದನ್ನು ನನಗೆ ಕಲಿಸಿದ್ದು ಯಾವ ಗ್ರಂಥವೂ ಅಲ್ಲ, ಮಂಗಳೂರು ಬಂದರಿನ ಹತ್ತಿರ ಸಣ್ಣ ಕೋಣೆಯಲ್ಲಿ ಕೋಲು ರಿಪೇರಿ ಮಾಡುವ ಒಬ್ಬರು. ಐವತ್ತು ದಾಟಿದವರು, ನಾನು ಅಣ್ಣ ಎಂದೇ ಕರೆಯುವುದು. ಹೋದಾಗಲೆಲ್ಲ ಅವರ ಬಳಿ ಕಿತ್ತುಹೋದ ಬಳೆಗಳ ಒಂದು ಬಿಸ್ಕತ್ತಿನ ಡಬ್ಬ ಇರುತ್ತದೆ.

"ನೋಡಿ ಮಾರಾಯ್ರೆ, ಜನ ದುಡ್ಡು ಕೊಡುದು ಕೋಲಿಗೆ. ಮೀನು ಎಳೆಯುದು ಉಂಗುರವನ್ನು," ಎಂದರು ಮೊದಲ ದಿನವೇ.

ಅವರ ಪರೀಕ್ಷೆ ಸರಳ. ಚೂರು ಹತ್ತಿಯನ್ನು ಹೊಸೆದು ಬಳೆಯೊಳಗೆ ಸುತ್ತಲೂ ಆಡಿಸುತ್ತಾರೆ. ಕಣ್ಣಿಗೆ ಕಾಣದ ಬಿರುಕಿದ್ದರೆ ಹತ್ತಿಯ ಎಳೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಉಂಗುರದ ಪಾದದ ಬಳಿ ಎಪಾಕ್ಸಿಯ ಅಡಿಯಲ್ಲಿ ಕಂದು ಕಲೆ ಇದೆಯೇ ಎಂದು ನೋಡುತ್ತಾರೆ. ಅಗ್ಗದ ಉಕ್ಕಿನ ಚೌಕಟ್ಟು ಉಪ್ಪುನೀರಿಗೆ ಮೊದಲು ತುಕ್ಕು ಹಿಡಿಯುವುದು ಹೊರಗಲ್ಲ, ನೂಲಿನ ಅಡಿಯಲ್ಲಿ, ಯಾರೂ ಒರೆಸಲಾಗದ ಕಡೆ. ಮೂರನೆಯದಾಗಿ ಹೆಬ್ಬೆರಳಿನಿಂದ ಬಳೆಯನ್ನು ಮೆಲ್ಲಗೆ ಒತ್ತುತ್ತಾರೆ. ಹಳೆಯ ಮಾದರಿಯ ಉಂಗುರಗಳಲ್ಲಿ ಲೋಹಕ್ಕೂ ಬಳೆಗೂ ನಡುವೆ ಪ್ಲಾಸ್ಟಿಕ್ಕಿನ ಪಟ್ಟಿಯಿರುತ್ತದೆ. ಬಿಸಿಲಿಗೆ ಅದು ಒಣಗಿ ಸಡಿಲವಾದರೆ ಬಳೆ ಉದುರಿಹೋಗುತ್ತದೆ, ಬರಿಯ ಚೌಕಟ್ಟಿನ ಹರಿತ ಅಂಚು ಉಳಿಯುತ್ತದೆ.

ನಾನಿದ್ದಾಗಲೇ ಒಬ್ಬ ಹುಡುಗ ಕೋಲು ತಂದ. ಆನ್‌ಲೈನಿನಲ್ಲಿ ಕೊಂಡು ಎರಡು ತಿಂಗಳೂ ಆಗಿರಲಿಲ್ಲ. '24 ಟನ್ ಕಾರ್ಬನ್' ಎಂದು ಹೊಳೆಯುವ ಅಕ್ಷರದಲ್ಲಿತ್ತು. ನಾಲ್ಕನೆಯ ಉಂಗುರದ ಬಳೆ ಉದುರಿದ್ದು ಅವನಿಗೆ ಗೊತ್ತಾಗಿರಲಿಲ್ಲ. ಬಂಡೆಯ ಕಡೆಯಿಂದ ದೊಡ್ಡದೊಂದು ಮುರು ಮೀನು ಕಚ್ಚಿ ಓಡಿದಾಗ ದಾರ ಅಲ್ಲೇ ತುಂಡಾಯಿತಂತೆ.

"ಹೋಯ್ತು ಅಣ್ಣ, ಐದು ಕಿಲೋಕ್ಕೆ ಕಡಿಮೆ ಇರಲಿಲ್ಲ," ಎಂದ.

"ನಿನ್ನದು ಹೋಯ್ತು, ಸರಿ. ಅದರ ಬಾಯಲ್ಲಿ ಗಾಳ ಉಂಟಲ್ಲ, ಮೂವತ್ತು ಮೀಟರ್ ದಾರ ಉಂಟಲ್ಲ, ಅದನ್ನು ಎಳಕೊಂಡು ಅದು ಎಲ್ಲಿಗೆ ಹೋಗ್ಬೇಕು ಈಗ?" ಎಂದು ಕೇಳಿ, ಅವರು ಬ್ಲೇಡಿನಿಂದ ಹಳೆಯ ನೂಲು ಬಿಡಿಸತೊಡಗಿದರು. ಹುಡುಗ ಮಾತಾಡಲಿಲ್ಲ.

ಆ '24 ಟನ್' ಎಂಬುದರ ಬಗ್ಗೆ ಒಂದು ಮಾತು. ಅದನ್ನು ಓದಿದವರು ಕೋಲು ಎತ್ತಬಲ್ಲ ಭಾರವೋ ಏನೋ ಎಂದುಕೊಳ್ಳುತ್ತಾರೆ. ಅದು ಎಳೆಯ ಬಿಗಿತನದ ಅಳತೆ, ಚದರ ಮಿಲಿಮೀಟರಿಗೆ ಇಷ್ಟು ಟನ್ ಎಂದು. 24 ಟನ್ ಎಂದರೆ ಸಾಮಾನ್ಯ ದರ್ಜೆಯ ಕಾರ್ಬನ್. 30, 40 ಆದಂತೆ ಎಳೆ ಹೆಚ್ಚು ಬಿಗಿ, ಹಾಗೆಯೇ ಪೆಟ್ಟಿಗೆ ಹೆಚ್ಚು ನಾಜೂಕು. ಅಂದರೆ ಅಂಕಿ ಏರಿದರೆ ಗುಣ ಏರಿತು ಎಂದಲ್ಲ. ಅಮೆರಿಕದ ಕಡೆಯಿಂದ ಬಂದ 'ಐಎಂ6', 'ಐಎಂ7' ಎಂಬ ಗುರುತುಗಳೂ ಹೀಗೆಯೇ. ಅವು ಮೂಲತಃ ಹರ್ಕ್ಯುಲಿಸ್ ಎಂಬ ಒಂದೇ ಕಂಪನಿಯ ಎಳೆಗಳ ಹೆಸರು, ಈಗ ಯಾರು ಬೇಕಾದರೂ ಅಂಟಿಸಿಕೊಳ್ಳುವ ಬಿರುದು. '97 ಶೇಕಡಾ ಕಾರ್ಬನ್' ಎಂದು ಬರೆದದ್ದೂ ಎಳೆಯ ಪಾಲನ್ನು ಹೇಳಿತೇ ವಿನಾ ಎಳೆಯ ದರ್ಜೆಯನ್ನಲ್ಲ, ಅದನ್ನು ಹಿಡಿದಿರುವ ರಾಳವನ್ನಂತೂ ಅಲ್ಲವೇ ಅಲ್ಲ. ಬೆಂಡಿನ ಹಿಡಿಯಲ್ಲೂ ಇದೇ ಆಟ: ಪೋರ್ಚುಗಲ್ಲಿನ ಓಕ್ ತೊಗಟೆಯ ಒಳ್ಳೆಯ ಬೆಂಡಿನಲ್ಲಿ ತೂತು ಕಡಿಮೆ, ಕಳಪೆಯದರ ತೂತುಗಳಿಗೆ ಬೆಂಡಿನ ಹುಡಿಯನ್ನೂ ಅಂಟನ್ನೂ ಮೆತ್ತಿ ಉಜ್ಜಿದರೆ ಅಂಗಡಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಒಂದು ಮಳೆಗಾಲ ಕಳೆದ ಮೇಲೆ ಮೆತ್ತಿದ್ದು ಉದುರಿ ನಿಜ ಮುಖ ಹೊರಬೀಳುತ್ತದೆ.

ಅಗ್ಗದ ಕೋಲುಗಳನ್ನು ಸಾರಾಸಗಟಾಗಿ ಬೈಯುವುದು ಸುಲಭ, ನನಗೆ ಅದು ಸರಿ ಕಾಣುವುದಿಲ್ಲ. ಚೀನಾದ ಶಾಂಡಾಂಗ್ ಪ್ರಾಂತ್ಯದ ವೈಹೈ ನಗರದಂಥ ಕಡೆ ರಾಶಿರಾಶಿ ಕೋಲುಗಳು ತಯಾರಾಗುವುದರಿಂದಲೇ ಆ ಹುಡುಗನಂಥವರ ಕೈಗೆ ಕಾರ್ಬನ್ ಕೋಲು ಬಂದದ್ದು. ಅದೇ ಊರಿನಿಂದ ಅತ್ಯುತ್ತಮ ಕೋಲುಗಳೂ ಬರುತ್ತವೆ. ಸಮಸ್ಯೆ ಊರಿನದ್ದಲ್ಲ. ಒಂದು ಕೋಲಿನ ಬೆಲೆಯನ್ನು ಇಳಿಸಬೇಕಾದಾಗ ಕತ್ತರಿ ಬೀಳುವುದು ಕಣ್ಣಿಗೆ ಕಾಣುವ ಬ್ಲ್ಯಾಂಕಿಗಲ್ಲ, ಕಾಣದ ಬಳೆಗೆ, ನೂಲಿನ ಅಡಿಯ ಪಾದಕ್ಕೆ, ಸೀಟಿನೊಳಗಿನ ಅಂಟಿಗೆ. ಬಡವನಿಗೆ ಸಿಗುವ ವಸ್ತುವಿನಲ್ಲಿ ದೋಷ ಯಾವಾಗಲೂ ಒಳಗಡೆ ಇರುತ್ತದೆ.

ಹಾಗಾದರೆ ಹಿಂದಿನ ಕೋಲುಗಳು ಒಳ್ಳೆಯವಿದ್ದವೇ? ಸಂಗ್ರಾಹಕರು ಹಾಗೆಂದೇ ನಂಬುತ್ತಾರೆ. ಚರಿತ್ರೆಯ ವಿದ್ಯಾರ್ಥಿಯಾಗಿ ನನಗೆ ಇಲ್ಲಿ ತಕರಾರಿದೆ. ನಮಗೆ ಉಳಿದಿರುವ ಆಧಾರಗಳೆಂದರೆ ಕಂಪನಿಗಳ ಕ್ಯಾಟಲಾಗು, ಪೇಟೆಂಟು, ಬೇಟೆಗಾರರ ನೆನಪಿನ ಪುಸ್ತಕಗಳು ಮತ್ತು ಗಾಜಿನ ಕಪಾಟಿನ ಕೋಲುಗಳು. ಕ್ಯಾಟಲಾಗು ಬರೆದವನು ಮಾರುವವನು. ಪೇಟೆಂಟು ಹಳೆಯದರ ದೋಷ ಹೇಳುತ್ತದೆ, ತನ್ನದನ್ನು ಹೇಳುವುದಿಲ್ಲ. ನೆನಪಿನ ಪುಸ್ತಕದಲ್ಲಿ ಸಿಕ್ಕ ಮೀನು ದೊಡ್ಡದು, ತಪ್ಪಿಸಿಕೊಂಡದ್ದು ಇನ್ನೂ ದೊಡ್ಡದು. ಇನ್ನು ಕಪಾಟಿನ ಕೋಲು ಗಟ್ಟಿಯಿದ್ದುದರಿಂದ ಉಳಿಯಿತೋ, ಯಾರೂ ಬಳಸದೆ ಇದ್ದುದರಿಂದ ಉಳಿಯಿತೋ? ಮುರಿದವು ಒಲೆಗೆ ಹೋದವು. ಮೈಸೂರಿನ ವ್ಯಾನ್ ಇಂಗನ್ ಸಹೋದರರಲ್ಲಿ ಒಬ್ಬರಾದ ಡಿ ವೆಟ್ ವ್ಯಾನ್ ಇಂಗನ್ 1946ರಲ್ಲಿ ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮಹಸೀರ್ ಬಗ್ಗೆ ಬರೆದವರೆಲ್ಲ ತೂಕ ಹೇಳುತ್ತಾರೆ, ಹೊಳೆ ಹೇಳುತ್ತಾರೆ, ವರ್ಷ ಹೇಳುತ್ತಾರೆ. 54 ಕಿಲೋಗೂ ಹೆಚ್ಚಿನ ಆ ಎಳೆತವನ್ನು ತಾಳಿದ ತುದಿಯುಂಗುರ ಎಂಥದ್ದು ಎಂದು ಕೇಳುವವರು ಕಡಿಮೆ.

ಥಾಮಸರ ಕಾಲದ ಕಡತಗಳಲ್ಲಿ ಇನ್ನೊಂದು ಬಗೆಯ ಮೌನವಿದೆ. 1870ರಲ್ಲೇ ಅವರು ದಕ್ಷಿಣ ಕನ್ನಡದ ಮೀನು ಸಾಕಣೆಯ ಕುರಿತು ವರದಿ ಬರೆದಿದ್ದರು. ಹೊಳೆಗೆ ವಿಷದ ಕಾಯಿ ಹಾಕುವುದು, ಸಣ್ಣ ಕಣ್ಣಿನ ಬಲೆ, ಕಟ್ಟಗಳು ಮೀನಿನ ಮರಿಗಳನ್ನು ಮುಗಿಸುತ್ತಿವೆ ಎಂಬ ಆ ಕಾಲದ ಅಧಿಕಾರಿಗಳ ದೂರು ಕಡೆಗೆ 1897ರ ಭಾರತೀಯ ಮೀನುಗಾರಿಕೆ ಕಾಯಿದೆಯಾಗಿ, ಹೊಳೆಗೆ ವಿಷ ಮತ್ತು ಸಿಡಿಮದ್ದು ಹಾಕುವುದಕ್ಕೆ ತಡೆಯಾಗಿ ಬಂತು. ದೂರಿನಲ್ಲಿ ನಿಜವಿತ್ತು. ಆದರೆ ಕೋಲು ಹಿಡಿದವನು ಸಭ್ಯ, ಬಲೆ ಹಿಡಿದವನು ಕೊಳ್ಳೆಗಾರ ಎಂಬ ವಿಂಗಡಣೆಯೂ ಅದರ ಜೊತೆಯಲ್ಲೇ ಒಳಗೆ ಬಂತು. ಕೋಲಿನಿಂದ ತಪ್ಪಿಸಿಕೊಂಡು ಬಾಯಲ್ಲಿ ಗಾಳ ಹೊತ್ತು ಸತ್ತ ಮೀನುಗಳು ಯಾವ ವರದಿಯ ಲೆಕ್ಕಕ್ಕೂ ಬರಲಿಲ್ಲ.

ಈಗ ಆ ಲೆಕ್ಕ ಬೇಕಾಗಿದೆ. ಕಾವೇರಿಯ ಡುಬ್ಬ ಬೆನ್ನಿನ ಮಹಸೀರ್‌ಗೆ ಸರಿಯಾದ ವೈಜ್ಞಾನಿಕ ಹೆಸರು ಗಟ್ಟಿಯಾದದ್ದೇ 2018ರಲ್ಲಿ, ಟಾರ್ ರೆಮಾದೇವಿ ಎಂದು. ಅದೇ ವರ್ಷ ಅದು ಅಳಿವಿನ ಅಂಚಿನ ಅತಿ ಗಂಭೀರ ಪಟ್ಟಿಗೂ ಸೇರಿತು. ನೂರು ಪೌಂಡಿನ ಮೀನಿನ ಕತೆಗಳನ್ನು ನೂರು ವರ್ಷ ಹೇಳಿಕೊಂಡು ಬಂದ ಮೇಲೆ ಅದರ ಹೆಸರೂ ಅದರ ಅಳಿವೂ ಒಂದೇ ವರ್ಷದಲ್ಲಿ ನಮಗೆ ಗೊತ್ತಾದವು. ಕಾವೇರಿ ವನ್ಯಜೀವಿ ಧಾಮದ ಭೀಮೇಶ್ವರಿ, ಗಾಳಿಬೋರೆಯ ಕ್ಯಾಂಪುಗಳಲ್ಲಿ ಹಿಡಿದು ತೂಗಿ ಮರಳಿ ಬಿಡುವ ಪದ್ಧತಿ ದಶಕಗಳ ಕಾಲ ನಡೆದು, 2010ರ ನಂತರದ ವರ್ಷಗಳಲ್ಲಿ ನಿಂತಿತು. ಅದನ್ನು ನಿಲ್ಲಿಸಿದ್ದು ಸರಿಯೇ ಎಂಬ ವಾದ ಇಂದಿಗೂ ಮುಗಿದಿಲ್ಲ. ಗಾಳಗಾರರು ದಡದಲ್ಲಿದ್ದರೆ ಸಿಡಿಮದ್ದು ಹಾಕುವವರು ಹತ್ತಿರ ಬರುವುದಿಲ್ಲ ಎಂಬ ಮಾತಿಗೆ ತೂಕವಿದೆ. ನನ್ನ ಪ್ರಶ್ನೆ ಅದಕ್ಕಿಂತ ಚಿಕ್ಕದು. ಮರಳಿ ಬಿಡುವುದು ಎಂಬ ನೀತಿ ನಿಂತಿರುವುದು ದಾರ ತುಂಡಾಗದು ಎಂಬ ನಂಬಿಕೆಯ ಮೇಲೆ. ಬಿಡಬೇಕಾದರೆ ಮೊದಲು ದಡಕ್ಕೆ ಬರಬೇಕಲ್ಲ. ಮಹಸೀರ್ ಗಾಳವನ್ನೇ ಜಗಿದು ಚಪ್ಪಟೆ ಮಾಡುವ ಮೀನು. ಬಂಡೆಗಳ ನಡುವೆ ನುಗ್ಗುತ್ತದೆ. ಅಲ್ಲಿ ಬಿರುಕು ಬಿಟ್ಟ ಒಂದು ಬಳೆ ಎಂದರೆ ಮೀನಿನ ಜೀವ.

ಇದರಿಂದಾಗಿ ಪ್ರಬಂಧದ ಕೆಲಸದ ನಡುವೆ ಒಂದು ಅಡ್ಡ ಹವ್ಯಾಸ ಹತ್ತಿಸಿಕೊಂಡಿದ್ದೇನೆ. ಹಳೆಯ ಕೋಲು ಇರುವ ಮನೆ ಸಿಕ್ಕರೆ ಕೋಲಿನ ಹೆಸರಿಗಿಂತ ಮೊದಲು ಉಂಗುರಗಳನ್ನು ಬರೆದುಕೊಳ್ಳುತ್ತೇನೆ: ಎಷ್ಟು, ಯಾವ ಲೋಹ, ಯಾವ ಬದಿ ಸವೆದಿದೆ, ಯಾವುದು ಮೂಲ, ಯಾವುದು ಆಮೇಲೆ ಸೇರಿದ್ದು. ಹೋದ ವರ್ಷ ಕೊಡಗಿನ ಒಂದು ತೋಟದ ಮನೆಯಲ್ಲಿ ಅಟ್ಟದಿಂದ ಇಳಿಸಿ ಕೊಟ್ಟ ಸೀಳುಬಿದಿರಿನ ಕೋಲಿನಲ್ಲಿ ಒಂಬತ್ತು ಉಂಗುರಗಳಿದ್ದವು. ಏಳು ಒಂದೇ ಥರದ ಕಂಚಿನ ತಂತಿಯವು, ಅವುಗಳ ರೇಷ್ಮೆ ನೂಲು ಮಾಸಿ ಕಂದಾಗಿತ್ತು. ತುದಿಯ ಅಗೇಟಿನಲ್ಲಿ ಎರಡು ಕಡೆ ಬಿರುಕಿತ್ತು. ರೀಲಿಗೆ ಹತ್ತಿರದ್ದು ಮಾತ್ರ ಬೇರೆ. ಅದು ದಪ್ಪ ಹಿತ್ತಾಳೆಯ ಬಳೆ, ಒಳಬದಿಯನ್ನು ಕನ್ನಡಿಯಷ್ಟು ನುಣುಪಾಗಿ ಉಜ್ಜಲಾಗಿತ್ತು. ಅದರ ಪಾದಗಳನ್ನು ತೆಳುವಾಗಿ ಬಡಿದು, ರೇಷ್ಮೆಯ ಬದಲು ತಾಮ್ರದ ತಂತಿಯಿಂದ ಒತ್ತೊತ್ತಾಗಿ ಸುತ್ತಿ, ಮೇಲೆ ಮೇಣ ಬಳಿದಿದ್ದರು. ಊರಿನ ಅಕ್ಕಸಾಲಿಗನ ಕೈಯೇ ಇರಬೇಕು ಎಂದರು ಮನೆಯ ಹಿರಿಯರು, ಅವರ ಅಜ್ಜನ ಕಾಲದ್ದು. ಹತ್ತಿಯ ಎಳೆ ಹೊಸೆದು ಆ ಬಳೆಯ ಸುತ್ತ ಮೂರು ಸಲ ಆಡಿಸಿದೆ. ಎಲ್ಲೂ ಸಿಕ್ಕಿಕೊಳ್ಳಲಿಲ್ಲ.